ಗಂಜಿ ಕುಡಿದ ಒಲೆ

ಸುಧಾಕರನಿಗೆ ಒದಗಿದ ಕುತ್ತು ಎಲ್ಲಿಂದ ಶುರುವಾಯಿತೆಂದು ಕೇಳಿದರೆ ಅವನ ಊರಾದ ಕೋಡಿಯ ಜನ ಈಗಲೂ ತಲೆಗೊಂದು ಮಾತು ಹೇಳುತ್ತಾರೆ. ನಿಜ ಸಂಗತಿ ಇಷ್ಟೇ. ಅವನ ತಾಯಿ ಬಾಗಿ ಆ ಶನಿವಾರ ಅನ್ನ ಬಸಿದ ಗಂಜಿ ತೆಳಿಯನ್ನು ದನಕ್ಕೆ ಹಾಕಲಿಲ್ಲ. ಹಾಕಿದ್ದರೆ ದನ ಕುಡಿದು ಮಲಗುತ್ತಿತ್ತು, ಸುಧಾಕರ ಇಷ್ಟು ಹೊತ್ತಿಗೆ ತ್ರಾಸಿಯಲ್ಲಿ ದೊಡ್ಡ ಮನುಷ್ಯನಾಗಿರುತ್ತಿದ್ದ, ನಮಗೂ ಈ ಕತೆ ಸಿಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಿಂದು, ದೇವರಿಗೆ ಕೈಮುಗಿದು, ಅಂಗಳದಲ್ಲಿ ಕೂತಿದ್ದ ಹೊಸ ಒಲೆಯ ಮುಚ್ಚಳವನ್ನು ಅವನು ಭಕ್ತಿಯಿಂದ ಎತ್ತಿದ. ಎತ್ತಿದವನು ಹಾಗೇ ನಿಂತ. ಒಳಗೆ ಕಂಠದವರೆಗೆ ಬೆಳ್ಳನೆಯ ನೀರು. ಮೇಲೆ ಕೆನೆ ಕಟ್ಟಿತ್ತು. ಶುಕ್ರವಾರ ರಾತ್ರಿ ಅವನೇ ಒಂದೊಂದಾಗಿ ಜೋಡಿಸಿಟ್ಟಿದ್ದ ಇದ್ದಿಲ ತುಂಡುಗಳು ಬೇಸಗೆಯಲ್ಲಿ ಕೆರೆಗಿಳಿದ ಎಮ್ಮೆಗಳ ಹಾಗೆ ಅದರಲ್ಲಿ ಹಾಯಾಗಿ ತೇಲುತ್ತಿದ್ದವು.

"ಅಬ್ಬೀ!" ಎಂದು ಅವನು ಕೂಗಿದ ಕೂಗಿಗೆ ತೆಂಗಿನ ಮರದ ಕಾಗೆಗಳೆಲ್ಲ ಎದ್ದವು.

ಬಾಗಿ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸುತ್ತಾ ನಿಧಾನವಾಗಿ ಬಂದಳು. "ಎಂತಕ್ ಬೊಬ್ಬಿ ಹೊಡಿತ್ಯಾ ಮಗಾ?"

"ಇದೆಂತ ಇದ್? ಇದ್ರಗೆ ಎಂತ ಹೊಯ್ದಿದ್ದೆ?"

"ಗಂಜಿ ತೆಳಿ. ಮತ್ತೆಂತ ಹೊಯ್ಯುದ್? ಹೊಸ ಮಡ್ಕಿ ಪಳಗ್ಸ್ದೆ ಯಾರಾದ್ರೂ ಬೆಂಕಿಗ್ ಇಡ್ತ್ರಾ? ಒಡ್ದ್ ಚೂರಾತ್ತ್."

"ಇದ್ ಮಡ್ಕಿ ಅಲ್ಲ ಅಬ್ಬಿ, ಒಲಿ!"

"ನೀನೇ ಹೇಳ್ದೆ ಅಲ್ದಾ, ಮಣ್ಣಿಂದ್ ಅಂದ್ಹೇಳಿ?" ಎಂದಳು ಬಾಗಿ.

ಹೇಳಿದ್ದು ಹೌದು. ಶುಕ್ರವಾರ ಸಂಜೆ ಪಾರ್ಸೆಲ್ ಲಾರಿಯಿಂದ ಆ ಮರದ ಪೆಟ್ಟಿಗೆ ಇಳಿದಾಗ ಇಡೀ ಕೇರಿ ಬಂದು ಸುತ್ತುವರಿದಿತ್ತು. ಹಲಗೆ ಕಿತ್ತು, ಹುಲ್ಲು ಸರಿಸಿ ನೋಡಿದರೆ ಒಳಗೆ ಹಸಿರು ಬಣ್ಣದ, ಸೊಂಟದೆತ್ತರದ, ಮೊಟ್ಟೆಯಾಕಾರದ ಒಂದು ವಸ್ತು. ಬೆನ್ನಿನ ಮೇಲೆ ಬೆಳಕು ಬಿದ್ದರೆ ಸಮುದ್ರದ ನೀರಿನ ಹಾಗೆ ಹೊಳೆಯುತ್ತಿತ್ತು. ನಾಲ್ಕು ಜನ ಗಂಡಸರು ಸೇರಿ ಎತ್ತಿದರೂ ಅದು ಮೆಲ್ಲಗೆ, ತನಗೆ ಮನಸ್ಸಿದ್ದಷ್ಟೇ ಎದ್ದಿತು. ಮೀನು ಮಾರುವ ಸೀತಕ್ಕ, ಯಾರಿಗೂ ಯಾವುದಕ್ಕೂ ಬೆರಗಾಗದ ಹೆಂಗಸು, ಅವತ್ತು ಬುಟ್ಟಿ ಕೆಳಗಿಟ್ಟು ಅದನ್ನು ಬೆರಳಿನಿಂದ ಟಣ್ ಎಂದು ತಟ್ಟಿ, "ಎಂತದ್ರಲ್ಲ್ ಮಾಡಿದ್ದಾ ಇದ್?" ಎಂದು ಕೇಳಿದ್ದಳು. "ಮಣ್ಣಿಂದ್, ಸೀತಕ್ಕ. ಸುಟ್ಟ ಮಣ್ಣ್" ಎಂದು ಸುಧಾಕರ ಎದೆಯುಬ್ಬಿಸಿ ಹೇಳಿದ್ದ. ಬಾಗಿ ಆ ಮಾತನ್ನು ಕಿವಿಗೆ ಹಾಕಿಕೊಂಡಿದ್ದಳು.

ಮಣ್ಣಿನ ಪಾತ್ರೆಯ ವಿಷಯದಲ್ಲಿ ಬಾಗಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೊಸ ಮಡಕೆಯನ್ನು ಗಂಜಿ ತೆಳಿಯಲ್ಲಿ ನೆನೆಸದೆ ಮೀನು ಸಾರು ಮಾಡಿದರೆ ಮೂರು ತಿಂಗಳು ಸಾರಿಗೆ ಮಣ್ಣಿನ ವಾಸನೆ ಹೋಗುವುದಿಲ್ಲ; ಇದು ಅವಳ ಅಜ್ಜಿಯ ಅಜ್ಜಿಗೂ ಗೊತ್ತಿದ್ದ ಸಂಗತಿ. ಶನಿವಾರ ಮಗ ಕೆಲಸಕ್ಕೆ ಹೋದ. ಶನಿವಾರ ಆ ಮನೆಯಲ್ಲಿ ಮೀನು, ಕೋಳಿ ಇಲ್ಲ, ಹಾಗಾಗಿ ಒಲೆಗೂ ಅವತ್ತು ರಜೆ. ಬಾಗಿ ಒಲೆಯ ಬುಡದಲ್ಲಿದ್ದ ಗಾಳಿಯ ಕಿಂಡಿಗೆ ತೆಂಗಿನ ನಾರು ತುರುಕಿ, ಮೇಲೆ ಜೇಡಿಮಣ್ಣು ಮೆತ್ತಿ, ತೆಳಿ ಹೊಯ್ದಳು. ಮನೆಯ ತೆಳಿ ಅದರ ತಳ ಮುಚ್ಚಲೂ ಸಾಲಲಿಲ್ಲ. ಕೊಡಪಾನ ಹಿಡಿದು ಕೇರಿಯ ಮನೆಮನೆಗೂ ಹೋದಳು. ಹೊರುವುದಕ್ಕೆ ಸೊಸೆ ವನಜಳೂ ಕೈಗೂಡಿಸಿದಳು.

"ನಿಂಗಾದ್ರೂ ಬುದ್ಧಿ ಬ್ಯಾಡ್ದಾ?" ಎಂದು ಸುಧಾಕರ ಹೆಂಡತಿಯತ್ತ ತಿರುಗಿದ.

"ಅತ್ತಿ ಹೇಳ್ರ್, ನಾ ಹೊತ್ತೆ" ಎಂದಳು ವನಜ. "ನೀವೇ ಅಲ್ದಾ ದಿನಾ ಹೇಳುದ್, ಅಬ್ಬಿ ಮಾತ್ ಮೀರುಕಾಗ ಅಂದ್ಹೇಳಿ?"

ಸುಧಾಕರ ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕೂತ. ಮಧ್ಯಾಹ್ನ ಚಂದಯ್ಯ ಭಾವ ಬರುತ್ತಾರೆ.

ಚಂದಯ್ಯ ಎಂದರೆ ವನಜಳ ಅಣ್ಣ. ಪೂನಾದಲ್ಲಿ ಹೋಟೆಲಿಟ್ಟು ಗೆದ್ದವರು. ಈಗ ತ್ರಾಸಿಯಲ್ಲಿ, ಹೆದ್ದಾರಿ ಬದಿಗೆ, ಕಡಲಿಗೆ ಮುಖ ಮಾಡಿ ಒಂದು ಬಯಲು ಹೋಟೆಲು ತೆರೆಯುವವರಿದ್ದರು. ಅಲ್ಲಿ ಇಂಥ ಹಸಿರು ಒಲೆಗಳ ಸಾಲನ್ನೇ ಇಟ್ಟು, ಜನರ ಕಣ್ಣೆದುರಿಗೇ ಇಡೀ ಕೋಳಿ ಸುಟ್ಟುಕೊಡಬೇಕೆಂದು ಅವರ ಆಸೆ. ಮಾದರಿಗೆ ಒಂದು ಒಲೆಯನ್ನು ಮೊದಲೇ ತಂಗಿಯ ಮನೆಗೆ ಕಳಿಸಿ ಫೋನಿನಲ್ಲಿ ಹೇಳಿದ್ದರು: "ಸುಧಾಕರ ಭಾವ, ಕೋಳಿ ಸುಡುದ್ ಕಲೀನಿ. ಆಯ್ತಾರ ಮಧ್ಯಾಹ್ನ ಬಂದ್ ತಿಂತೆ. ನಂಗೆ ಹಿಡ್ಸ್ತ್ ಅಂದ್ರೆ ತ್ರಾಸಿ ಒಲಿ ಅಷ್ಟೂ ನಿಮ್ಮ ಕೈಯಗೆ. ಬಸ್."

ಆ 'ಬಸ್' ಎಂಬ ಒಂದು ಮಾತಿನಲ್ಲಿ ಸುಧಾಕರನ ಪ್ರಾಣವೆಲ್ಲ ಇತ್ತು. ಅವನು ಹದಿನೈದು ವರ್ಷದಿಂದ ಐಸ್ ಪ್ಲಾಂಟಿನಲ್ಲಿ ಯಂತ್ರ ನೋಡಿಕೊಳ್ಳುವವ. ಗಡಿಯಾರದಂಥ ಒಂದು ಬಿಲ್ಲೆಯಲ್ಲಿ ಮುಳ್ಳು ಏರದ ಹಾಗೆ, ಇಳಿಯದ ಹಾಗೆ ಕಾಯುವುದು, ನಡುನಡುವೆ ಐಸಿನ ಬಂಡೆ ಎಳೆದು ಹಾಕುವುದು. ಏಪ್ರಿಲ್ ತಿಂಗಳಲ್ಲಿ ಊರೆಲ್ಲ ಬೀಸಣಿಗೆ ಹಿಡಿದರೆ ಇವನು ಉಣ್ಣೆ ಟೊಪ್ಪಿ ಹಾಕಿಕೊಂಡು ಮನೆಗೆ ಬರುತ್ತಿದ್ದ. ಅವನ ಕೈ ಮುಟ್ಟಿದವರು ಬೆಚ್ಚಿಬೀಳುತ್ತಿದ್ದರು. ಮಂಜಿನಿಂದ ಬೆಂಕಿಗೆ ಹೋಗುವ ದಾರಿ ಈ ಜನ್ಮದಲ್ಲಿ ಮತ್ತೊಮ್ಮೆ ತೆರೆಯುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕೂತರೆ ಆಗುವುದಿಲ್ಲವೆಂದು ಎದ್ದು ಒಲೆಯ ಬುಡದ ಜೇಡಿಮಣ್ಣನ್ನು ಕೊಡತಿಯಲ್ಲಿ ಕುಟ್ಟಿದ. ನಾರು ಎಳೆದದ್ದೇ ತಡ, ಒಂದು ರಾತ್ರಿ ಕೂಡಿಟ್ಟ ಕೇರಿಯ ಗಂಜಿ ಭುಸ್ಸೆಂದು ಹೊರಗೆ ನುಗ್ಗಿತು. ಅವನ ಲುಂಗಿ ನೆನೆಯಿತು, ಅಂಗಳ ನೆನೆಯಿತು, ಬೇಲಿಯ ಅಡಿಯಿಂದ ಹರಿದು ಪಕ್ಕದ ಕುಷ್ಟಣ್ಣನ ಅಂಗಳದಲ್ಲಿ ಒಣಗಲು ಹಾಕಿದ್ದ ಸಿಗಡಿಯೂ ನೆನೆಯಿತು.

"ಹ್ವಾಯ್! ಯಾರ್ ಮರಾಯ್ರೆ ಕಡಲ್ ಬಿಟ್ಟದ್ದ್?" ಎನ್ನುತ್ತಾ ಕುಷ್ಟಣ್ಣ ಬೇಲಿ ದಾಟಿ ಬಂದರು.

ಕುಷ್ಟಣ್ಣ ಹಿಂದೆ ಮಸ್ಕತ್ತಿನಲ್ಲಿ ದೋಣಿ ನಡೆಸಿದವರು. ಅಲ್ಲಿಂದ ಅವರು ತಂದದ್ದು ಎರಡು: ಒಂದು, ಎರಡೂ ತುದಿ ಮೇಲಕ್ಕೆ ತಿರುವಿದ ಮೀಸೆ, ಇನ್ನೊಂದು, ಲೋಕದ ಯಾವ ವಿಷಯ ಬಂದರೂ ಹೇಳಲು ಒಂದು ಅನುಭವ. ಸಿಗಡಿ ನೆನೆದ ಸಿಟ್ಟಿನಲ್ಲಿ ಬಂದವರು ಒಲೆಯನ್ನು ಕಂಡು ಸಿಟ್ಟು ಮರೆತರು.

"ನಾ ಮಸ್ಕತ್ತಗೆ ಇಪ್ಪೊತ್ತಿಗೆ ನಮ್ಮ ಅರಬಿ ಹತ್ರ ಇಂಥದ್ದೇ ಒಂದಿತ್ತ್. ಇದಕ್ಕಿಂತ ದೊಡ್ಡದ್. ಒಂಟಿ ಸುಡ್ತಿದ್ದ ಅದ್ರಗೆ."

"ಇಡೀ ಒಂಟಿಯಾ?" ಎಂದಳು ಬಾಗಿ.

"ಕಾಲ್ ಮಡಚಿ" ಎಂದರು ಕುಷ್ಟಣ್ಣ. "ಈಗ ಇದನ್ ಒಣಗ್ಸುಕೆ ಒಂದೇ ದಾರಿ. ಖಾಲಿ ಒಲಿಗೆ ಬೆಂಕಿ ಕೊಡ್ಕ್. ಮೆಲ್ಲಗೆ. ಗಡಿಬಿಡಿ ಮಾಡಿರೆ ಗುಂಡ್ ಹೊಡ್ದ್ ಹಾಂಗೆ ಸಿಡಿತ್ತ್."

ಹೇಳಿದ್ದರಲ್ಲಿ ಒಂಟೆಯನ್ನು ಬಿಟ್ಟರೆ ಉಳಿದದ್ದು ಸರಿಯೇ ಇತ್ತು. ಆದರೆ ಪೂನಾದಿಂದ ಬಂದ ಇದ್ದಿಲು ಗಂಜಿ ಕುಡಿದು ಉಬ್ಬಿ ಕೂತಿತ್ತು. ಸೀತಕ್ಕ ಮನೆಗೆ ಓಡಿ ಒಂದು ಗೋಣಿ ಗೆರಟೆ ಇದ್ದಿಲು ತಂದು ಸುರಿದಳು. ತೆಂಗಿನ ಗೆರಟೆ ಸುಟ್ಟು ಇಸ್ತ್ರಿ ಅಂಗಡಿಗೆಂದು ಮಾಡಿಟ್ಟದ್ದು. ಅವಳ ಹಿಂದೆ ಇನ್ನೂ ನಾಲ್ಕು ಮನೆಯವರು ಬಂದರು. ಯಾರೂ ಬರಿಗೈಯಲ್ಲಿ ಬರಲಿಲ್ಲ. ಎಲ್ಲರ ಕೈಯಲ್ಲೂ ಒಂದೊಂದು ಸಲಹೆ ಇತ್ತು.

ಸುಧಾಕರ ಒಂದು ಮುಷ್ಟಿ ಗೆರಟೆ ಇದ್ದಿಲಿಗೆ ಬೆಂಕಿ ಕೊಟ್ಟು, ಮುಚ್ಚಳ ತೆರೆದೇ ಇಟ್ಟು ಕಾದ. ಮೊದಲು ಒಲೆ ಬೆವರಿತು. ಹಸಿರು ಮೈ ಮೇಲೆಲ್ಲ ಹನಿ ಮೂಡಿತು. ಆಮೇಲೆ ಒಳಗಿನಿಂದ ಒಂದು ಸದ್ದು ಬಂತು. ಭಾಗವತರು ಪದ ಎತ್ತುವ ಮೊದಲು ಗಂಟಲು ಸರಿಮಾಡಿಕೊಳ್ಳುವ ಥರದ ಸದ್ದು. ಅದು ಏರುತ್ತಾ ಏರುತ್ತಾ ಸಿಳ್ಳೆಯಾಯಿತು.

"ಸಿಡಿತ್ತ್! ಓಡಿ!" ಎಂದು ಕುಷ್ಟಣ್ಣ ಕೂಗಿದ್ದೇ ಕೂಗಿದ್ದು, ಅಂಗಳ ಖಾಲಿಯಾಯಿತು. ಕವುಚಿ ಹಾಕಿದ್ದ ಹಳೇ ದೋಣಿಯ ಹಿಂದೆ ಇಡೀ ಕೇರಿ ಅಡಗಿ ಕೂತಿತು. ಮೊದಲು ಹೋಗಿ ಕೂತವರು ಕುಷ್ಟಣ್ಣನೇ. ಸುಧಾಕರ ಮಾತ್ರ ಕದಲಲಿಲ್ಲ. ಧೈರ್ಯದಿಂದಲ್ಲ, ಅದು ಸಿಡಿದರೆ ತಾನು ಉಳಿದು ಮಾಡುವುದಾದರೂ ಏನು ಎಂದು ಅವನಿಗೆ ತೋಚಿರಲಿಲ್ಲ.

ಒಲೆ ಸಿಡಿಯಲಿಲ್ಲ. ಬೆಳ್ಳನೆಯ ಹಬೆಯನ್ನೆಲ್ಲ ಉಸಿರಿನ ಹಾಗೆ ಬಿಟ್ಟು ಸುಮ್ಮನಾಯಿತು. ಹೊಸ ಅಕ್ಕಿಯ ಅನ್ನ ಕುದಿಯುವಾಗಿನ ಪರಿಮಳ ಅಂಗಳದಲ್ಲಿ ಹರಡಿತು. ಮೈ ಒಣಗಿ ಹಸಿರು ಮತ್ತೆ ಮಿಂಚಿತು. ಒಂದು ಕೂದಲೆಳೆಯ ಬಿರುಕೂ ಬಿಟ್ಟಿರಲಿಲ್ಲ. ಸುಧಾಕರನಿಗೆ ಅದರ ಕಾಲು ಮುಟ್ಟಿ ನಮಸ್ಕರಿಸಬೇಕು ಅನ್ನಿಸಿತು.

"ಕಂಡ್ಯಾ?" ಎಂದಳು ಬಾಗಿ ದೋಣಿಯ ಹಿಂದಿನಿಂದ ಏಳುತ್ತಾ. "ಪಳಗ್ಸಿದ್ದಕ್ಕೆ ಉಳೀತ್."

ಇನ್ನು ಕೋಳಿ. ಭಾವ ಹೇಳಿದ್ದು ಬರೀ ಉಪ್ಪು, ಕಾಳುಮೆಣಸು, ಲಿಂಬೆ. ಇಡಿಯಾಗಿ ಎರಡು ಕೋಳಿಗಳನ್ನು ಸುಧಾಕರ ಬೆಳಿಗ್ಗೆಯೇ ತಂದಿಟ್ಟಿದ್ದ. ವನಜ ಅವುಗಳನ್ನು ಒಮ್ಮೆ, ಗಂಡನನ್ನು ಒಮ್ಮೆ ನೋಡಿದಳು.

"ಉಪ್ಪ್ ಹಚ್ಚಿ ಸುಟ್ರೆ ಅದ್ ಕೋಳಿಯಾ? ಜ್ವರ ಬಂದವ್ರ ಊಟ. ನಮ್ಮ ಅಣ್ಣಯ್ಯ ಪೂನಾಕ್ಕ್ ಹೋಪೊತ್ತಿಗೆ ನನ್ನ ಮಸಾಲೆ ಹೊತ್ಕಂಡೇ ಹೋಪುದ್, ಗೊತ್ತಿತ್ತಲ್ದಾ?" ಎಂದು, ಕೇಳದೆಯೇ, ಒಣಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ ತುಪ್ಪದಲ್ಲಿ ಹುರಿದು ರುಬ್ಬಿದ್ದನ್ನು ತಂದಿಟ್ಟಳು. ಅವಳ ಮಾತು ಕಟುವಾದರೂ ಮಸಾಲೆಯನ್ನು ಅವಳು ನಸುಕಿನಲ್ಲೇ ಎದ್ದು ಅರೆದಿಟ್ಟಿದ್ದಳು. ಗಂಡನ ತಣ್ಣನೆಯ ಕೈ ಅವಳಿಗೂ ಸಾಕಾಗಿತ್ತು. ಸುಧಾಕರ ಎರಡನ್ನೂ ಒಪ್ಪಿಕೊಂಡ: ಮೊದಲು ಭಾವನ ಉಪ್ಪು, ಲಿಂಬೆ, ಮೇಲೆ ಹೆಂಡತಿಯ ಮಸಾಲೆ. ಸಂಸಾರಸ್ಥನಿಗೆ ಬೇರೆ ದಾರಿ ಎಲ್ಲಿದೆ?

ಕೋಳಿ ಒಳಗೆ ಹೋಯಿತು. ಮುಚ್ಚಳ ಬಿತ್ತು. ಇಲ್ಲಿಂದ ಮುಂದೆ ಮಾಡುವ ಕೆಲಸ ಒಂದೇ, ಏನೂ ಮಾಡದೆ ಇರುವುದು. ಕೆಳಗಿನ ಕಿಂಡಿಯಿಂದ ಗಾಳಿ ಒಳಗೆ, ಮುಚ್ಚಳದ ತುದಿಯ ತಿರುಗುವ ಬಿಲ್ಲೆಯ ತೂತಿನಿಂದ ಹೊಗೆ ಹೊರಗೆ. ಕಿಂಡಿ ಒಂದು ಬೆರಳು ತೆರೆದರೆ ಮುಚ್ಚಳದ ಮೇಲೆ ಕೂರಿಸಿದ, ಶಾಖ ತೋರಿಸುವ ಮುಳ್ಳು ಏರುತ್ತದೆ, ಅರ್ಧ ಬೆರಳು ಮುಚ್ಚಿದರೆ ಇಳಿಯುತ್ತದೆ. ಗಾಳಿಯೇ ಇದರ ಗ್ಯಾಸು ಎಂದು ಭಾವ ಹೇಳಿದ್ದರು.

ಸುಧಾಕರ ಆ ಮುಳ್ಳನ್ನು ನೋಡಿದ. ಇಂಥದ್ದೇ ಒಂದು ಮುಳ್ಳನ್ನು ಅವನು ಹದಿನೈದು ವರ್ಷ ಕಾದಿದ್ದ. ಅಲ್ಲಿ ಚಳಿಗೆ, ಇಲ್ಲಿ ಶಾಖಕ್ಕೆ. ಕಿಂಡಿಯನ್ನು ಕೂದಲೆಳೆಯಷ್ಟು ಸರಿಸಿದ. ಮುಳ್ಳು ನಡುಗಿತು, ಏರಿತು, ಬೇಕಾದಲ್ಲಿ ನಿಂತಿತು. ಅವನ ಮೈಯಲ್ಲಿ ಜುಮ್ಮೆಂದಿತು. ಇಷ್ಟು ದೊಡ್ಡ ಬೆಂಕಿ, ಒಂದು ಸದ್ದಿಲ್ಲದೆ, ತನ್ನ ಒಂದು ಬೆರಳಿನ ಮಾತು ಕೇಳುತ್ತಿದೆ! ಹೊರಗೆ ಕೈಯಿಟ್ಟರೆ ಬರೀ ಬಿಸಿಲಿನಷ್ಟು ಬೆಚ್ಚಗೆ, ಒಳಗೆ ಕೆಂಡದ ಲೋಕ. ಎಲ್ಲರ ಹಾಗೆ ತನಗೂ ಒಂದು ವಿದ್ಯೆ ಇದೆ, ಅದು ಇಷ್ಟು ವರ್ಷ ಐಸಿನಡಿ ಹೂತುಹೋಗಿತ್ತು ಎಂದು ಅವನಿಗೆ ಆ ಕ್ಷಣದಲ್ಲಿ ತಿಳಿಯಿತು. ಕಣ್ಣಿನಲ್ಲಿ ನೀರು ಬಂತು. ಹೊಗೆ ಎಂದು ಒರೆಸಿಕೊಂಡ.

ಆದರೆ ಕೇರಿಗೆ ಮುಳ್ಳಿನ ಮೇಲೆ ನಂಬಿಕೆಯಿರಲಿಲ್ಲ.

"ಮಗುಚ್ದೆ ಹ್ಯಾಂಗ್ ಬೇಯ್ತ್ ಮಗಾ? ಒಂದ್ ಸೌಟಾದ್ರೂ ಆಡ್ಸ್" ಎಂದಳು ಬಾಗಿ.

"ತೆಳಿ ಕೊಟ್ಟವ್ರ್ ನಾವ್, ಒಂದ್ ಸಲ ಕಾಂಬುಕಾದ್ರೂ ಬಿಡ್ರಾ" ಎಂದಳು ಸೀತಕ್ಕ.

"ಮುಚ್ಚಳ ತೆಗಿಯುಕಾಗ!" ಎಂದು ಸುಧಾಕರ ದೋಣಿಯ ಹುಟ್ಟು ಹಿಡಿದು ಒಲೆಯ ಮುಂದೆ ನಿಂತ. ಅವನು ದನಿ ಎತ್ತಿದ್ದನ್ನು ಕೋಡಿ ಮೊದಲ ಸಲ ಕೇಳಿತು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

ಅಷ್ಟರಲ್ಲಿ ರಸ್ತೆಯ ಕಡೆ ಕಾರಿನ ಹಾರನ್ನು ಕೇಳಿಸಿತು. ಭಾವ ಬಂದರೆಂದು ಸುಧಾಕರ ಆಚೆ ತಿರುಗಿ ನೋಡಿದ. ಅದು ಐಸ್‌ಕ್ರೀಮಿನವನ ಗಾಡಿ. ಆದರೆ ಆ ಒಂದು ಗಳಿಗೆ ಕುಷ್ಟಣ್ಣನಿಗೆ ಸಾಕಾಯಿತು. "ನಾ ಮಸ್ಕತ್ತಗೆ ದಿನಕ್ಕ್ ಹತ್ತ್ ಸಲ ತೆಗಿತಿದ್ದೆ" ಎನ್ನುತ್ತಾ ಮುಚ್ಚಳ ಎತ್ತಿ ಮುಖ ಒಳಗೆ ಹಾಕಿದರು.

ಗಾಳಿಗಾಗಿ ಹಸಿದು ಕೂತಿದ್ದ ಬೆಂಕಿ ಗಾಳಿ ಸಿಕ್ಕಿದ ಕೂಡಲೇ ಭಗ್ಗೆಂದು ಮೇಲಕ್ಕೆದ್ದಿತು. ಕುಷ್ಟಣ್ಣ ಹಿಂದಕ್ಕೆ ಹಾರಿ ಕೂತರು. ಎದ್ದು ನಿಂತಾಗ ಮೀಸೆಯ ಬಲಗಡೆ ಮಸ್ಕತ್ತಿನಲ್ಲಿದ್ದ ಹಾಗೇ ಇತ್ತು, ಎಡಗಡೆ ಏನೂ ಇರಲಿಲ್ಲ.

"ಎಂತ ಆಯ್ಲಿಲ್ಲೆ" ಎಂದರು ಅವರು, ಮೂಗಿನ ಕೆಳಗೆ ತಡವಿಕೊಳ್ಳುತ್ತಾ. "ಅರಬಿಗೂ ಒಂದ್ ಸಲ ಹೀಂಗೇ ಆಯಿತ್ತ್."

ಸುಧಾಕರ ಓಡಿಬಂದು ಮುಚ್ಚಳ ಹಾಕಿದ. ಮುಳ್ಳು ಹುಚ್ಚೆದ್ದು ಏರಿತ್ತು. ಕಿಂಡಿ ಮುಚ್ಚಿದ, ಬಿಲ್ಲೆ ತಿರುಗಿಸಿದ, ಉಸಿರು ಬಿಗಿಹಿಡಿದು ಕಾದ. ಮುಳ್ಳು ಇಳಿಯಿತು. ಇನ್ನೂ ಇಳಿಯಿತು. ಕೂದಲೆಳೆಯಷ್ಟು ತೆರೆದ. ನಿಂತಿತು. ಮೀಸೆ ಹೋದ ಮೇಲೆ ಎಲ್ಲರಿಗೂ ಒಲೆಯ ಮೇಲೆ ಗೌರವ ಬಂದಿತ್ತು. ಮೇಲಿನ ಬಿಲ್ಲೆಯಿಂದ ನೀಲಿ ಎಳೆಯಂಥ ಹೊಗೆ ಏಳುತ್ತಿತ್ತು. ಅದರಲ್ಲಿ ತುಪ್ಪ, ಬೆಳ್ಳುಳ್ಳಿ, ಕೋಳಿಯ ಕೊಬ್ಬು, ಗೆರಟೆಯ ಸುಟ್ಟ ಸಿಹಿ, ಇನ್ನೂ ಏನೋ ಒಂದು. ಕಡಲಿನಿಂದ ಬರುತ್ತಿದ್ದವರು ಬಲೆ ಹೊತ್ತುಕೊಂಡೇ ಬೇಲಿಯ ಹತ್ತಿರ ನಿಂತುಬಿಟ್ಟರು.

ಚಂದಯ್ಯ ಬಂದಾಗ ಅವರಿಗೆ ದಾರಿ ಬಿಡಲು ಜನರನ್ನು ಸರಿಸಬೇಕಾಯಿತು. ಬಿಳಿ ಅಂಗಿ, ಕುತ್ತಿಗೆಯಲ್ಲಿ ಚಿನ್ನದ ಸರ, ಕೈಯಲ್ಲಿ ಎರಡು ಫೋನು. ಹಿಂದೆ ಅವರ ಪಿಕಪ್ ಗಾಡಿ.

"ಅರೇ, ಎಂತ ಭಾವ, ಮದಿ ಮನಿಯಾ?" ಎಂದು ನಕ್ಕವರು ಗಾಳಿ ಮೂಸಿ ನಗು ನಿಲ್ಲಿಸಿದರು.

ಸುಧಾಕರ ಮುಚ್ಚಳವನ್ನು ಮೊದಲು ಬೆರಳಷ್ಟೇ ಎತ್ತಿ, ಗಾಳಿ ಕುಡಿಸಿ, ಆಮೇಲೆ ಪೂರ್ತಿ ತೆರೆದ.

ಎರಡು ಕೋಳಿಗಳು ಹೊಸ ತಾಮ್ರದ ಬಣ್ಣಕ್ಕೆ ತಿರುಗಿ ಮಲಗಿದ್ದವು. ಚರ್ಮ ಬಿಗಿದು, ಅಲ್ಲಲ್ಲಿ ಸಣ್ಣಗೆ ಚಿಟಿಚಿಟಿ ಎನ್ನುತ್ತಿತ್ತು. ಕಾಲಿನ ಸಂದಿಯಿಂದ ತಿಳಿಯಾದ ರಸ ಒಂದು ಹನಿ ಇಳಿದು ಕೆಂಡಕ್ಕೆ ಬಿದ್ದು ಘಮ್ಮೆಂದಿತು. ಸೀತಕ್ಕ ಕೈ ಮುಗಿದಳು. ಯಾರಿಗೆ ಮುಗಿದಳೋ ಅವಳಿಗೇ ಗೊತ್ತಿರಲಿಲ್ಲ. ಬಾಗಿ "ದೇವ್ರೇ" ಎಂದಳು. ವನಜ ಗಂಡನನ್ನು ನೋಡಿದಳು. ಮದುವೆಯಾದ ಮೇಲೆ ಅವಳು ಹಾಗೆ ನೋಡಿದ್ದು ಅದೇ ಮೊದಲು.

ಚಂದಯ್ಯ ಒಂದು ಕಾಲು ಹಿಡಿದು ಎಳೆದರು. ಎಳೆಯಬೇಕಾಗಿಯೇ ಇರಲಿಲ್ಲ, ಅದು ತಾನಾಗಿ ಕೈಗೆ ಬಂತು. ಒಂದು ತುತ್ತು ತಿಂದರು. ಕಣ್ಣು ಮುಚ್ಚಿದರು. ಒಂದು ಫೋನು ಬಡಿದುಕೊಂಡಿತು, ಎತ್ತಲಿಲ್ಲ. ಇನ್ನೊಂದೂ ಬಡಿದುಕೊಂಡಿತು, ಅದನ್ನೂ ಎತ್ತಲಿಲ್ಲ. ಒಂದು ಕೋಳಿಯ ಮುಕ್ಕಾಲು ಭಾಗ ಮುಗಿಸಿಯೇ ಬೆರಳು ನೆಕ್ಕಿದರು.

"ಮೂವತ್ತ್ ವರ್ಷ ಹೋಟ್ಲ್ ನಡ್ಸ್ದೆ" ಎಂದರು ಕೊನೆಗೆ. "ಇಂಥ ಕೋಳಿ ತಿನ್ಲಿಲ್ಲೆ. ಮೇಲೆ ಗರಿಗರಿ, ಒಳಗೆ ಬೆಣ್ಣಿ. ಎಂತ ಮಾಡಿದ್ರಿ ಭಾವ? ಎಂತ ಗುಟ್ಟ್ ಇದ್ರದ್ದ್?"

ಈ ಪ್ರಶ್ನೆಗಾಗಿಯೇ ಸುಧಾಕರ ಬೆಳಗಿನಿಂದ ಬದುಕಿದ್ದ. ಗಂಟಲು ಸರಿಮಾಡಿಕೊಂಡು, "ಗಾಳಿ, ಭಾವ. ಆ ಕೆಳಗಿನ ಕಿಂಡಿ ಇತ್ತಲೆ..." ಎಂದು ಶುರು ಮಾಡಿದ.

"ತೆಳಿ!" ಎಂದಿತು ಕೇರಿ ಒಂದೇ ದನಿಯಲ್ಲಿ.

ಆಮೇಲೆ ಸುಧಾಕರನಿಗೆ ಮಾತಾಡಲು ಜಾಗ ಸಿಗಲಿಲ್ಲ. ಮಡಕೆ ಪಳಗಿಸುವ ಕ್ರಮವನ್ನು ಬಾಗಿ ವಿವರಿಸಿದಳು. ಯಾರ ಮನೆಯ ತೆಳಿ ದಪ್ಪ, ಯಾರದ್ದು ನೀರು ಎಂದು ಸೀತಕ್ಕ ವಿವರಿಸಿದಳು. ಗಂಜಿ ಮಣ್ಣಿನೊಳಗೆ ಹೊಕ್ಕು, ಕೋಳಿಗೆ ಹಬೆಯಾಗಿ ಹೊರಟು, ಮಾಂಸವನ್ನು ಮೆತ್ತಗಿಡುತ್ತದೆ, ಮಸ್ಕತ್ತಿನಲ್ಲೂ ಹೀಗೇ ಎಂದು ಕುಷ್ಟಣ್ಣ ಅರ್ಧ ಮೀಸೆಯಲ್ಲಿ ಸಾಕ್ಷಿ ನುಡಿದರು. ಚಂದಯ್ಯ ಬಾಯಿ ಬಿಟ್ಟುಕೊಂಡು ಕೇಳಿದರು.

ಇತ್ತ ಸೀತಕ್ಕ ಮಾತಾಡುತ್ತಲೇ ಪಾಲು ಮಾಡಲು ಕೂತಳು. ಊರವರೆಲ್ಲ ಸೇರಿ ದಡಕ್ಕೆ ಎಳೆಯುವ ಕೈರಂಪಣಿ ಬಲೆಯ ಹಗ್ಗ ಹಿಡಿದವರಿಗೆಲ್ಲ ಮೀನಿನಲ್ಲಿ ಪಾಲು. ಅದು ಕಡಲ ದಂಡೆಯ ಧರ್ಮ. ತೆಳಿ ಹೊಯ್ದವರಿಗೆ ಕೋಳಿಯಲ್ಲಿ ಪಾಲಿಲ್ಲ ಎಂದು ಹೇಳುವ ಎದೆ ಯಾರಿಗಿತ್ತು? ಮನೆಗೊಂದು ತಟ್ಟೆ ಬಂತು, ತಟ್ಟೆಗೊಂದು ತುಂಡು ಹೋಯಿತು. ಬಲೆ ಹೊತ್ತು ನಿಂತವರಿಗೂ ಚೂರು ಚೂರು ಸಿಕ್ಕಿತು. ಸುಧಾಕರ ಅಡುಗೆ ಮಾಡಿದವ, ಬಡಿಸಿ ಆದ ಮೇಲೆ ತಿಂದರಾಯಿತೆಂದು ಕಾದಿದ್ದ. ಬಗ್ಗಿ ನೋಡಿದರೆ ಒಂದು ತುಂಡೂ ಉಳಿದಿರಲಿಲ್ಲ; ಒಲೆಯ ಕಂಬಿಯ ಮೇಲೆ ಅಂಟಿದ್ದ ಕರಟಿದ ಮಸಾಲೆಯನ್ನು ಬೆಕ್ಕು ನೋಡುತ್ತಿತ್ತು.

"ಭಾವ," ಎಂದು ಚಂದಯ್ಯ ಅವನ ಎರಡೂ ಕೈ ಹಿಡಿದುಕೊಂಡರು. "ನಾ ಕೊಟ್ಟ ಮಾತ್ ತಪ್ಪುದಿಲ್ಲೆ. ತ್ರಾಸಿ ಒಲಿ ಅಷ್ಟೂ ನಿಮ್ಮ ಕೈಯಗೇ."

ಸುಧಾಕರನ ಎದೆ ತುಂಬಿ ಬಂತು. "ಯಾವತ್ತಿಂದ ಬರ್ಕ್ ಭಾವ? ಐಸ್ ಪ್ಲಾಂಟಿಗೆ ಇವತ್ತೇ ಹೇಳಿ ಬಿಡ್ತೆ."

"ಛೆ ಛೆ, ಅದ್ ಬಿಡುದ್ ಎಂತಕ್ಕೆ? ನೀವ್ ಬಪ್ದೇ ಬ್ಯಾಡ. ಒಲಿಯೇ ಇಲ್ಲಿಗೆ ಬತ್ತ್." ಚಂದಯ್ಯ ಕಣ್ಣರಳಿಸಿದರು. "ಕೋಳಿ ಸುಡುಕೆ ಪೂನಾಕ್ಕ್ ಫೋನ್ ಮಾಡ್ರೆ ಹತ್ತ್ ಜನ ಬತ್ರ್. ಗುಟ್ಟ್ ಇಪ್ದ್ ಪಳಗ್ಸುದ್ರಗೆ. ಅದ್ ಈ ಮನಿಯವ್ರಿಗ್ ಬಿಟ್ರೆ ಯಾರಿಗ್ ಗೊತ್ತಿತ್ತ್? ಎಂಟ್ ಒಲಿ ನಾಳೆ ಇಳಿತ್ತ್. ಚಂದ ಮಾಡಿ ತೆಳಿ ಕುಡ್ಸಿ ಕಳ್ಸಿ. ಪಳಗಿದ್ ಇದನ್ ನಾ ಈಗ್ಲೇ ಹೊತ್ಕ ಹೋತೆ."

"ಭಾವ, ತೆಳಿ ಅಲ್ಲ! ಗಾಳಿ!" ಎಂದು ಸುಧಾಕರ ಕೂಗಿದ. ಅಷ್ಟರಲ್ಲಿ ಆರು ಜನ ಸೇರಿ ಒಲೆಯನ್ನು ಪಿಕಪ್ಪಿಗೆ ಏರಿಸುತ್ತಾ 'ಹೈಸಾ' ಎನ್ನುತ್ತಿದ್ದರು. ಆ ಗಲಾಟೆಯಲ್ಲಿ ಅವನ ಗಾಳಿ ಗಾಳಿಗೆ ಹೋಯಿತು.

ಸೋಮವಾರ ಎಂಟು ಒಲೆಗಳು ಇಳಿದವು. ಬಾಗಿ ಉತ್ಸಾಹದಿಂದ ಕೊಡಪಾನ ಹಿಡಿದು ಕೇರಿಗೆ ಹೋದಳು, ಹೋದ ಹಾಗೇ ಬಂದಳು. ಒಲೆ ಹೋಗುವುದು ತ್ರಾಸಿಗಾದರೆ ಕೋಳಿಯಲ್ಲಿ ಪಾಲೆಲ್ಲಿ? ಪಾಲಿಲ್ಲದಿದ್ದರೆ ತೆಳಿ ಎಂತಕ್ಕೆ? ಸೀತಕ್ಕ ಬಾಗಿಲಲ್ಲೇ ನ್ಯಾಯ ತೀರಿಸಿ ಕಳಿಸಿದ್ದಳು. ಇನ್ನು ಉಳಿದದ್ದು ಒಂದೇ ಉಪಾಯ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮನೆಯಲ್ಲಿ ದೊಡ್ಡ ಅಳಗೆಯಲ್ಲಿ ಅನ್ನ ಬೇಯತೊಡಗಿತು.

ಆ ಕೋಳಿ ಹೇಗಿತ್ತು ಎಂದು ಕೋಡಿಯಲ್ಲಿ ಯಾರನ್ನು ಕೇಳಿದರೂ ಕಣ್ಣು ಮುಚ್ಚಿ ಹೇಳುತ್ತಾರೆ. ಸುಧಾಕರನನ್ನು ಮಾತ್ರ ಕೇಳಬಾರದು. ಅವನು ಬುಧವಾರ ಐಸ್ ಪ್ಲಾಂಟಿನಿಂದ ಕೈ ಮರಗಟ್ಟಿಸಿಕೊಂಡು, ಟೊಪ್ಪಿ ತೆಗೆಯಲೂ ತ್ರಾಣವಿಲ್ಲದೆ ಮನೆಗೆ ಬಂದ. ಅಂಗಳದಲ್ಲಿ ಎಂಟು ಹಸಿರು ಮೊಟ್ಟೆಗಳು ಬಾಯಿ ತೆರೆದು ಕೂತಿದ್ದವು. ವನಜ ಅವನ ಮುಂದೆ ಬಟ್ಟಲು ಇಟ್ಟಳು. ಒಂದು ಚೂರು ಉಪ್ಪಿನಕಾಯಿ, ಬಿಸಿ ಗಂಜಿ. ಆ ಬಿಸಿಯಾದರೂ ಒಳಗೆ ಹೋಗಲಿ ಎಂದು ಅವನು ಎರಡೂ ಕೈಯಲ್ಲಿ ಬಟ್ಟಲೆತ್ತಿ ಬಾಯಿಗೆ ಹಿಡಿಯುವಷ್ಟರಲ್ಲಿ ಬಾಗಿ ಅಡುಗೆಮನೆಯಿಂದ ಓಡಿಬಂದಳು.

"ಏ ಮಗಾ, ನಿಲ್! ಅನ್ನ ಮಾತ್ರ ಉಣ್ಣ್. ತೆಳಿ ಕುಡಿಬ್ಯಾಡ, ಅದ್ ಒಲಿಗೆ!"